ಮನಶ್ಶಾಸ್ತ್ರಜ್ಞರ ಕೋಣೆಯಲ್ಲಿ ಏನು ನಡೆಯುತ್ತದೆ?

ಸಾಗರದಿಂದ ತಾಳಗುಪ್ಪದ ಹಾದಿ ಹಿಡಿದು, ಅಲ್ಲಿಂದ ಹೆದ್ದಾರಿಯನ್ನು ಬಿಟ್ಟು ಕಾಡಿನ ನಡುವೆ ಸಾಗಿದರೆ ಹೊನ್ನೆಮರಡು ಸಿಗುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಬಳಿಕ ಹರಡಿ ನಿಂತ ಶರಾವತಿಯ ಹಿನ್ನೀರು ಈ ಊರಿನ ದಡವನ್ನು ತಾಕುತ್ತದೆ. ಪಟ್ಟಣಗಳ ಗದ್ದಲದಿಂದ ಬೇಸತ್ತು ಇಲ್ಲಿಗೆ ಬಂದು, ಹರಿಗೋಲಿನಲ್ಲಿ ನೀರಿನ ಮೇಲೆ ಸುತ್ತಾಡಿ, ಮನಸ್ಸು ಹಗುರವಾಯಿತೆಂದು ಹೇಳಿ ಹಿಂದಿರುಗಿದವರು ಬಹಳ ಮಂದಿ. ಆದರೆ ಇದೇ ದಡದಲ್ಲಿ, ಇದೇ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಒಂಟಿ ಮನೆಗಳಲ್ಲಿ ವರ್ಷವಿಡೀ ಬದುಕುವವರ ಮನಸ್ಸು ಭಾರವಾದಾಗ ಅವರು ಎಲ್ಲಿಗೆ ಹೋಗಬೇಕು?

ದೇಹದ ಕಾಯಿಲೆಯ ವಿಷಯದಲ್ಲಿ ಮಲೆನಾಡಿನವರು ಕಷ್ಟಪಟ್ಟು ಪಾಠ ಕಲಿತವರು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯು 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಜೀವಗಳನ್ನು ಬಲಿ ತೆಗೆದುಕೊಂಡಿತು. ಕಾಡಿಗೆ ಹೋಗಿ ಬಂದವರಿಗೆ ಜ್ವರ ಬಂದರೆ ತಡಮಾಡದೆ ರಕ್ತಪರೀಕ್ಷೆ ಮಾಡಿಸಬೇಕೆಂಬುದು ಇಂದು ಮನೆಮನೆಗೂ ತಿಳಿದಿರುವ ಮಾತು. ಅದೇ ಮನೆಯಲ್ಲಿ ಒಬ್ಬರು ಮೂರು ತಿಂಗಳಿನಿಂದ ರಾತ್ರಿ ನಿದ್ರಿಸದಿದ್ದರೆ, ಊಟದ ತಟ್ಟೆಯ ಮುಂದೆ ಸುಮ್ಮನೆ ಕುಳಿತಿದ್ದರೆ, ಯಾರೊಡನೆಯೂ ಮಾತನಾಡದಿದ್ದರೆ, "ಯೋಚನೆ ಹಚ್ಚಿಕೊಂಡಿದ್ದಾರೆ, ಮಳೆಗಾಲ ಕಳೆದರೆ ಸರಿಹೋಗುತ್ತದೆ" ಎಂದು ಕಾಯುತ್ತೇವೆ. ಮಳೆಗಾಲಗಳು ಒಂದರ ಹಿಂದೆ ಒಂದು ಕಳೆಯುತ್ತವೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ತುಸು ಹೆಚ್ಚು ಮಂದಿ ಒಂದಲ್ಲ ಒಂದು ಬಗೆಯ ಮಾನಸಿಕ ತೊಂದರೆಯಿಂದ ಬಳಲುತ್ತಿದ್ದರು. ಖಿನ್ನತೆ, ಆತಂಕಗಳಂತಹ ಸಾಮಾನ್ಯ ತೊಂದರೆ ಇದ್ದವರಲ್ಲಿ ನೂರಕ್ಕೆ 85 ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಇದಕ್ಕೆ ವೈದ್ಯರ ಕೊರತೆ ಒಂದು ಕಾರಣ. ಜನ ಏನೆನ್ನುವರೋ ಎಂಬ ಅಳುಕು ಮತ್ತೊಂದು. ಮೂರನೆಯ ಕಾರಣವೊಂದಿದೆ, ಅದರ ಬಗ್ಗೆ ಮಾತನಾಡುವವರು ಕಡಿಮೆ: ಆ ಬಾಗಿಲನ್ನು ದಾಟಿ ಒಳಗೆ ಹೋದರೆ ತಮಗೆ ಏನು ಮಾಡುತ್ತಾರೆಂಬುದು ಬಹುತೇಕ ಮಂದಿಗೆ ತಿಳಿಯದು. ತಿಳಿಯದ ಕೋಣೆಯ ಬಗ್ಗೆ ಭಯ ಸಹಜ. ಆ ಕೋಣೆಯೊಳಗೆ ನಡೆಯುವುದೇನೆಂಬುದನ್ನು ಸರಳವಾಗಿ ತಿಳಿಸುವುದೇ ಈ ಬರಹದ ಉದ್ದೇಶ.

ಇವರು ಯಾರು?

ಮನಸ್ಸಿನ ವೈದ್ಯರೆಂದು ನಾವು ಒಟ್ಟಾಗಿ ಕರೆಯುವವರಲ್ಲಿ ಬೇರೆ ಬೇರೆ ತರಬೇತಿ ಪಡೆದವರಿದ್ದಾರೆ. ಮನೋವೈದ್ಯರು ಎಂ.ಬಿ.ಬಿ.ಎಸ್. ಮುಗಿಸಿ, ಮನೋರೋಗ ವಿಭಾಗದಲ್ಲಿ ಉನ್ನತ ವ್ಯಾಸಂಗ ಮಾಡಿದವರು. ಔಷಧಿ ಬರೆದುಕೊಡುವ ಅಧಿಕಾರ ಅವರಿಗಿದೆ. ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ಅಂದರೆ ಕ್ಲಿನಿಕಲ್ ಸೈಕಾಲಜಿಸ್ಟರು, ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಆ ಬಳಿಕ ಆಸ್ಪತ್ರೆಯಲ್ಲಿ ಹಿರಿಯರ ಮೇಲ್ವಿಚಾರಣೆಯಡಿ ರೋಗಿಗಳೊಂದಿಗೆ ಕೆಲಸ ಮಾಡಿ ಕಲಿತವರು. ಇವರು ಮಾತ್ರೆ, ಚುಚ್ಚುಮದ್ದು ಕೊಡುವುದಿಲ್ಲ. ತೊಂದರೆಯ ಸ್ವರೂಪವನ್ನು ಅಳೆದು ಗುರುತಿಸುವುದು ಮತ್ತು ಮಾತಿನ ಮೂಲಕ, ಅಭ್ಯಾಸದ ಮೂಲಕ ಅದನ್ನು ಪರಿಹರಿಸುವುದು ಇವರ ಕೆಲಸ. ಆಪ್ತಸಮಾಲೋಚಕರು ಕುಟುಂಬ, ವ್ಯಾಸಂಗ, ಉದ್ಯೋಗ ಮುಂತಾದ ದೈನಂದಿನ ಬಿಕ್ಕಟ್ಟುಗಳಲ್ಲಿ ನೆರವಾಗುತ್ತಾರೆ; ಇವರ ತರಬೇತಿಯ ಅವಧಿ ಒಬ್ಬರಿಂದೊಬ್ಬರಿಗೆ ಬಹಳ ವ್ಯತ್ಯಾಸವಾಗುತ್ತದೆ.

ಈ ವಿದ್ಯೆ ನಮ್ಮ ನಾಡಿಗೆ ಹೊಸದೇನಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1924ರಷ್ಟು ಹಿಂದೆಯೇ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರ ವಿಭಾಗವನ್ನು ಆರಂಭಿಸಿದ್ದರು. 1935ರಲ್ಲಿ ತಮ್ಮ ಮನೆಯಲ್ಲೇ 'ಆಕಾಶವಾಣಿ' ಎಂಬ ಬಾನುಲಿ ಕೇಂದ್ರವನ್ನು ತೆರೆದ ಮಹನೀಯರೂ ಇವರೇ. 1954ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಗೊಂಡು, ಮರುವರ್ಷವೇ ಅಲ್ಲಿ ವೈದ್ಯಕೀಯ ಮನಶ್ಶಾಸ್ತ್ರದ ಡಿಪ್ಲೊಮಾ ತರಗತಿ ಆರಂಭವಾಯಿತು. ಮುಂದೆ 1974ರಲ್ಲಿ ಇದೇ ನಿಮ್ಹಾನ್ಸ್ ಆಯಿತು. 1976ರಲ್ಲಿ ಕನ್ನಡಕ್ಕೆ ಬಂದ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯು 'ರಾಶಿ' ಎಂದೇ ಖ್ಯಾತರಾದ ಡಾ. ಎಂ. ಶಿವರಾಂ ಅವರ, ಮನಸ್ಸಿನ ಕುರಿತ 'ಮನಮಂಥನ' ಕೃತಿಗೆ ಸಂದಿತು. ನಮ್ಮದೇ ಜಿಲ್ಲಾಕೇಂದ್ರದಲ್ಲಿ ದಶಕಗಳ ಕಾಲ ಮನೋವೈದ್ಯರಾಗಿದ್ದು 2016ರಲ್ಲಿ ನಿಧನರಾದ ಡಾ. ಕೆ. ಎ. ಅಶೋಕ್ ಪೈ ಅವರು ಪತ್ರಿಕೆಗಳಲ್ಲಿ ಬರೆದು, ಸಭೆಗಳಲ್ಲಿ ಮಾತನಾಡಿ, ಕೊನೆಗೆ ಚಲನಚಿತ್ರವನ್ನೂ ಮಾಧ್ಯಮವಾಗಿಸಿಕೊಂಡು ಮಲೆನಾಡಿನ ಮನೆಗಳಿಗೆ ಈ ವಿಷಯವನ್ನು ಮುಟ್ಟಿಸಿದರು. ಅವರ ಕಥೆಯನ್ನಾಧರಿಸಿ ಸುರೇಶ್ ಹೆಬ್ಳೀಕರ್ ನಿರ್ದೇಶಿಸಿದ 'ಕಾಡಿನ ಬೆಂಕಿ' 1988ರ ಸಾಲಿನ ಶ್ರೇಷ್ಠ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು.

ಯಾವಾಗ ಹೋಗಬೇಕು?

ದುಃಖ, ಕೋಪ, ಭಯಗಳು ಯಾರಿಗೂ ತಪ್ಪಿದ್ದಲ್ಲ. ಮನೆಯಲ್ಲಿ ಸಾವಾದರೆ ಅಳುವುದು, ಪರೀಕ್ಷೆಯ ಮುನ್ನಾದಿನ ಹೊಟ್ಟೆಯಲ್ಲಿ ತಳಮಳವಾಗುವುದು ಕಾಯಿಲೆಯಲ್ಲ. ಆದರೆ ಬೇಸರವು ಎರಡು ವಾರಗಳಿಗೂ ಮೀರಿ ದಿನವಿಡೀ ಕವಿದುಕೊಂಡಿದ್ದರೆ, ನಿದ್ರೆ ಹಾಗೂ ಹಸಿವು ಕೆಟ್ಟಿದ್ದರೆ, ಹಿಂದೆ ಇಷ್ಟವಾಗುತ್ತಿದ್ದ ಕೆಲಸ ಬೇಡವೆನಿಸಿದರೆ, ಬಾಗಿಲ ಚಿಲಕವನ್ನು ಇಪ್ಪತ್ತು ಬಾರಿ ನೋಡದೆ ಮಲಗಲಾಗದಿದ್ದರೆ, ಎದೆ ಡವಡವನೆ ಬಡಿದು ಸತ್ತೇಹೋಗುತ್ತೇನೆಂಬ ಭೀತಿ ಮರುಕಳಿಸುತ್ತಿದ್ದರೆ, ಕುಡಿತವನ್ನು ಬಿಡಬೇಕೆಂದರೂ ಬಿಡಲಾಗದಿದ್ದರೆ ತಜ್ಞರನ್ನು ಕಾಣುವ ಕಾಲ ಬಂದಿದೆಯೆಂದೇ ತಿಳಿಯಬೇಕು. ಸರಳವಾದ ಒಂದು ಅಳತೆಗೋಲು ಇದೆ: ತೊಂದರೆಯು ನಿಮ್ಮ ದುಡಿಮೆಗೆ, ಓದಿಗೆ, ಸಂಸಾರಕ್ಕೆ ಅಡ್ಡಿಯಾಗುತ್ತಿದೆಯೇ? ಆಗುತ್ತಿದ್ದರೆ ಅದು ಚಿಕಿತ್ಸೆಗೆ ಯೋಗ್ಯವಾದ ತೊಂದರೆ.

ಸಾಯಬೇಕೆಂಬ ಯೋಚನೆ ಬರುತ್ತಿದ್ದರೆ ಮಾತ್ರ ಕಾಯುವ ಪ್ರಶ್ನೆಯೇ ಇಲ್ಲ. ಅಂದೇ, ಆಗಲೇ ಯಾರಿಗಾದರೂ ಹೇಳಬೇಕು. ತೋಟಕ್ಕೆ ಹೊಡೆಯುವ ವಿಷದ ಡಬ್ಬಿಗಳು ಜಗುಲಿಯ ಮೂಲೆಯಲ್ಲೇ ಇರುವ ನಮ್ಮಂತಹ ಕೃಷಿಕರ ಮನೆಗಳಲ್ಲಿ ಅವನ್ನು ಬೀಗದೊಳಗಿಡುವುದೂ ಜೀವ ಉಳಿಸುವ ಕೆಲಸವೇ ಸರಿ.

ಹೋಗುವ ಮುನ್ನ

ಮೊದಲು ಸಮಯ ನಿಗದಿ ಮಾಡಿಕೊಳ್ಳಿ. ಹಿಂದೆ ತೋರಿಸಿದ ವೈದ್ಯರ ಚೀಟಿಗಳು, ಈಗ ಸೇವಿಸುತ್ತಿರುವ ಮಾತ್ರೆಗಳು, ರಕ್ತಪರೀಕ್ಷೆಯ ವರದಿಗಳಿದ್ದರೆ ಜೊತೆಗೆ ಒಯ್ಯಿರಿ. ನಾಟಿ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಮುಚ್ಚಿಡಬೇಕಿಲ್ಲ. ಥೈರಾಯ್ಡ್ ಗ್ರಂಥಿಯ ದೋಷ, ರಕ್ತಹೀನತೆ, ಬಿ-12 ಜೀವಸತ್ವದ ಕೊರತೆ ಇವೆಲ್ಲ ಖಿನ್ನತೆಯಂತೆಯೇ ಕಾಣಿಸಿಕೊಳ್ಳಬಲ್ಲವು. ಆದ್ದರಿಂದ ಮೊದಲು ವೈದ್ಯರಲ್ಲಿ ದೇಹವನ್ನು ಪರೀಕ್ಷಿಸಿಕೊಂಡು ಬನ್ನಿರೆಂದು ಮನಶ್ಶಾಸ್ತ್ರಜ್ಞರೇ ಹೇಳಿ ಕಳುಹಿಸಿದರೆ ಆಶ್ಚರ್ಯಪಡಬೇಕಾಗಿಲ್ಲ.

ಹೇಳಬೇಕಾದ ನಾಲ್ಕು ಮಾತುಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಯಾವಾಗ ಶುರುವಾಯಿತು, ಯಾವಾಗ ಹೆಚ್ಚಾಗುತ್ತದೆ, ಯಾವಾಗ ತುಸು ಹಗುರವೆನಿಸುತ್ತದೆ, ಇದರಿಂದ ಯಾವ ಕೆಲಸ ನಿಂತುಹೋಗಿದೆ - ಇಷ್ಟಿದ್ದರೆ ಸಾಕು. ಮನೆಯಲ್ಲಿ ಕೊಂಕಣಿ, ತುಳು ಅಥವಾ ಮಲಯಾಳ ಆಡುವವರು ಆ ಭಾಷೆ ಬಲ್ಲವರು ಇದ್ದಾರೆಯೇ ಎಂದು ಮೊದಲೇ ಕೇಳಬಹುದು. ದುಃಖವನ್ನು ಎರವಲು ಭಾಷೆಯಲ್ಲಿ ಹೇಳಿಕೊಳ್ಳುವುದು ಕಷ್ಟ.

ಮೊದಲ ದಿನ

ಕೋಣೆಯಲ್ಲಿ ಒಂದು ಮೇಜು, ಎರಡು ಮೂರು ಕುರ್ಚಿಗಳು ಇರುತ್ತವೆ. ಸಿನಿಮಾಗಳಲ್ಲಿ ತೋರಿಸುವ ಹಾಗೆ ಮಂಚದ ಮೇಲೆ ಮಲಗಿಸಿ, ಕಣ್ಣಿನ ಮುಂದೆ ಗಡಿಯಾರ ತೂಗಾಡಿಸುವುದಿಲ್ಲ. ಕರೆಂಟ್ ಕೊಡುತ್ತಾರೆಂಬ ಭಯ ಹಳ್ಳಿಗಳಲ್ಲಿ ಇಂದಿಗೂ ಇದೆ. ವಿದ್ಯುತ್ ಚಿಕಿತ್ಸೆಗೂ ಮನಶ್ಶಾಸ್ತ್ರಜ್ಞರಿಗೂ ಸಂಬಂಧವಿಲ್ಲ. ಅದು ಕೆಲವು ತೀವ್ರ ಕಾಯಿಲೆಗಳಲ್ಲಿ ಮನೋವೈದ್ಯರು ಆಸ್ಪತ್ರೆಯಲ್ಲಿ ಕೊಡುವ ಚಿಕಿತ್ಸೆ. ಅದನ್ನೂ ಅರಿವಳಿಕೆಯಿಲ್ಲದೆ ಕೊಡಕೂಡದೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ.

ಮೊದಲ ಭೇಟಿ ಸಾಮಾನ್ಯವಾಗಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ ನಡೆಯುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ಇನ್ನೂ ಹೆಚ್ಚು ಹೊತ್ತು ಹಿಡಿಯಬಹುದು. ಅವರು ಕೇಳುತ್ತಾರೆ, ನೀವು ಹೇಳುತ್ತೀರಿ, ಅವರು ಬರೆದುಕೊಳ್ಳುತ್ತಾರೆ. ನಿದ್ರೆ ಹೇಗಿದೆ, ಊಟ ಹೇಗಿದೆ, ಕೆಲಸಕ್ಕೆ ಹೋಗುತ್ತೀರಾ, ಬಾಲ್ಯ ಹೇಗಿತ್ತು, ಶಾಲೆಯಲ್ಲಿ ಹೇಗಿದ್ದಿರಿ, ದಾಂಪತ್ಯ ಹೇಗಿದೆ, ಮನೆತನದಲ್ಲಿ ಬೇರೆ ಯಾರಿಗಾದರೂ ಇಂತಹ ತೊಂದರೆ ಇತ್ತೇ, ಕುಡಿಯುತ್ತೀರಾ, ಎಷ್ಟು ಎಂಬ ಪ್ರಶ್ನೆಗಳು ಬರುತ್ತವೆ. ಕೆಲವು ಪ್ರಶ್ನೆಗಳು ಸಂಬಂಧವಿಲ್ಲದವೆಂದು ತೋರಬಹುದು. ಬಾವಿಯ ನೀರು ಕಲಕಿದ್ದೇಕೆಂದು ತಿಳಿಯಲು ಸುತ್ತಲಿನ ನೆಲವನ್ನೂ ನೋಡಬೇಕಾಗುತ್ತದೆ.

"ಬದುಕು ಬೇಡವೆನಿಸಿದ್ದುಂಟೇ?" ಎಂದೂ ಕೇಳುತ್ತಾರೆ. ಇದನ್ನು ಕೇಳಿ ಮನೆಯವರು ಬೆಚ್ಚಿಬೀಳುವುದುಂಟು. ಕೇಳಿದರೆ ಇಲ್ಲದ ಯೋಚನೆ ಹುಟ್ಟಬಹುದೆಂಬುದು ಅವರ ಅಂಜಿಕೆ. ಹಾಗೆ ಹುಟ್ಟುವುದಿಲ್ಲವೆಂಬುದು ಅಧ್ಯಯನಗಳಿಂದ ದೃಢಪಟ್ಟಿದೆ. ಬದಲಾಗಿ, ತಿಂಗಳುಗಟ್ಟಲೆ ಒಳಗೇ ಅದುಮಿಟ್ಟದ್ದನ್ನು ಒಬ್ಬರು ಶಾಂತವಾಗಿ ಕೇಳಿದರೆಂಬುದೇ ಎಷ್ಟೋ ಮಂದಿಗೆ ದೊಡ್ಡ ಸಮಾಧಾನ. ಆತ್ಮಹತ್ಯೆಗೆ ಪ್ರಯತ್ನಿಸಿದ್ದನ್ನು ಹೇಳಿದರೆ ಪೊಲೀಸ್ ಕೇಸಾಗುತ್ತದೆಂಬ ಹೆದರಿಕೆಯೂ ಬೇಡ. 2017ರ ಕಾಯ್ದೆಯು ಅಂತಹವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಿ ಆರೈಕೆ ನೀಡಬೇಕೆನ್ನುತ್ತದೆ. ಪ್ರಯತ್ನವನ್ನೇ ಅಪರಾಧವೆಂದಿದ್ದ ಹಳೆಯ ದಂಡಸಂಹಿತೆಯ 309ನೇ ಕಲಮು 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಉಳಿದಿಲ್ಲ.

ಮೊದಲ ದಿನವೇ ಎಲ್ಲವನ್ನೂ ಹೇಳಲೇಬೇಕೆಂಬ ನಿಯಮವಿಲ್ಲ. "ಇದನ್ನು ಇಂದು ಹೇಳಲಾರೆ" ಎಂದರೆ ಅವರು ಒತ್ತಾಯಿಸುವುದಿಲ್ಲ. ಅತ್ತರೆ ನಾಚಿಕೆಪಡಬೇಕಿಲ್ಲ. ಮರಳುವಾಗ ದಣಿವೆನಿಸಬಹುದು, ಹಳೆಯದೆಲ್ಲ ಕೆದಕಿದ್ದರಿಂದ ಆ ರಾತ್ರಿ ಇನ್ನಷ್ಟು ಬೇಸರವಾಗಲೂಬಹುದು. ಅದು ಚಿಕಿತ್ಸೆ ಹಾಳಾದುದರ ಗುರುತಲ್ಲ.

ಪರೀಕ್ಷೆಗಳೆಂದರೇನು?

ಕೆಲವರಿಗೆ ಮನಶ್ಶಾಸ್ತ್ರೀಯ ಪರೀಕ್ಷೆಗಳನ್ನು ಮಾಡುತ್ತಾರೆ. ಇವುಗಳಲ್ಲಿ ಪಾಸು, ಫೇಲುಗಳಿಲ್ಲ. ಕಳೆದ ಎರಡು ವಾರಗಳಲ್ಲಿ ಹೇಗಿದ್ದಿರೆಂದು ಗುರುತು ಹಾಕುವ ಪ್ರಶ್ನಾವಳಿ ಒಂದು ಬಗೆ. ನೆನಪಿನ ಶಕ್ತಿ, ಏಕಾಗ್ರತೆಗಳನ್ನು ಅಳೆಯುವುದು ಇನ್ನೊಂದು ಬಗೆ. ಪಾರ್ಶ್ವವಾಯು, ಅಪಘಾತಗಳ ಬಳಿಕ ಇದರಿಂದ ಬಹಳ ಉಪಯೋಗವಿದೆ. ಸ್ವಿಟ್ಜರ್ಲೆಂಡಿನ ಹರ್ಮನ್ ರೋಷಾಕ್ 1921ರಲ್ಲಿ ಪ್ರಕಟಿಸಿದ ಮಸಿಯ ಕಲೆಗಳ ಚಿತ್ರಗಳನ್ನು ತೋರಿಸಿ, ಏನು ಕಾಣುತ್ತದೆಂದು ಕೇಳುವ ಪರೀಕ್ಷೆಯೂ ಉಂಟು.

ಮಕ್ಕಳ ಬುದ್ಧಿಶಕ್ತಿಯನ್ನು ಅಳೆಯುವ ಬಿನೆ-ಕಾಮತ್ ಪರೀಕ್ಷೆಯ ಬಗ್ಗೆ ಕನ್ನಡಿಗರಿಗೆ ಹೆಮ್ಮೆಯಿರಬೇಕು. ಪಾಶ್ಚಾತ್ಯರ ಅಳತೆಗೋಲನ್ನು ನಮ್ಮ ಮಕ್ಕಳಿಗೆ ನೇರವಾಗಿ ಬಳಸುವುದು ಸಲ್ಲದೆಂದು ಕಂಡ ವಿ. ವಿ. ಕಾಮತ್ ಅವರು 1930ರ ದಶಕದಲ್ಲಿ ಕನ್ನಡ ಹಾಗೂ ಮರಾಠಿ ಮಾತನಾಡುವ ಮಕ್ಕಳಿಗಾಗಿ ಅದನ್ನು ಅಳವಡಿಸಿದರು. ದಡ್ಡನೆಂದು ಬೈಸಿಕೊಂಡು ಶಾಲೆ ಬಿಡುವ ಹಂತದಲ್ಲಿರುವ ಮಗು ನಿಜಕ್ಕೂ ಬುದ್ಧಿವಂತನೇ ಆಗಿದ್ದು, ಅಕ್ಷರ ಜೋಡಿಸುವುದರಲ್ಲಿ ಮಾತ್ರ ತೊಡಕಿರಬಹುದು. ಇಂತಹ ಕಲಿಕಾ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ತನ್ನ ಪಟ್ಟಿಗೆ ಸೇರಿಸಿದೆ. ಒಂದು ಪರೀಕ್ಷೆ, ಒಂದು ವರದಿ ಮಗುವಿನ ಭವಿಷ್ಯವನ್ನೇ ತಿರುಗಿಸಬಲ್ಲದು.

ಮಾತೇ ಮದ್ದಾಗುವುದು ಹೇಗೆ?

"ಬರೀ ಮಾತಾಡಿದರೆ ಕಾಯಿಲೆ ಹೋಗುತ್ತದೆಯೇ? ಧೈರ್ಯ ಹೇಳಲು ಮನೆಯವರಿಲ್ಲವೇ?" ಎಂದು ಕೇಳುವವರಿದ್ದಾರೆ. ಮನೆಯವರ ಧೈರ್ಯದ ಮಾತಿಗೆ ಅದರದೇ ಬೆಲೆಯಿದೆ. ಆದರೆ ಮನೋಚಿಕಿತ್ಸೆಗೆ ಒಂದು ಕ್ರಮವಿದೆ, ಗುರಿಯಿದೆ, ಅಳತೆಯಿದೆ. ಎರಡು ಉದಾಹರಣೆಗಳನ್ನು ನೋಡೋಣ.

ಒಬ್ಬರಿಗೆ ಬಸ್ಸಿನಲ್ಲಿ ಹೋಗುವಾಗ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಂಡು, ಬೆವರಿ, ಉಸಿರು ಕಟ್ಟಿದಂತಾಯಿತೆನ್ನಿ. ಹೃದಯ ಪರೀಕ್ಷೆ ಮಾಡಿಸಿದರೆ ಏನೂ ದೋಷವಿಲ್ಲ. ಆದರೂ ಮತ್ತೆ ಹಾಗಾದೀತೆಂದು ಅವರು ಬಸ್ಸು ಹತ್ತುವುದನ್ನು ಬಿಟ್ಟರು, ಬಳಿಕ ಸಂತೆಗೆ ಹೋಗುವುದನ್ನು, ಕೊನೆಗೆ ಅಂಗಳ ದಾಟುವುದನ್ನೇ ಬಿಟ್ಟರು. ತಪ್ಪಿಸಿಕೊಂಡಷ್ಟೂ ಭಯ ಬೆಳೆಯಿತು. ಮನಶ್ಶಾಸ್ತ್ರಜ್ಞರು ಮೊದಲು ಇದನ್ನು ವಿವರಿಸುತ್ತಾರೆ: ಅಪಾಯ ಕಂಡಾಗ ಓಡಲು ಸಿದ್ಧವಾಗಲೆಂದು ದೇಹ ಅಡ್ರಿನಲಿನ್ ಸ್ರವಿಸುತ್ತದೆ, ಅದರಿಂದ ಎದೆಬಡಿತ ಏರುತ್ತದೆ, ಇಲ್ಲಿ ಹುಲಿಯಿಲ್ಲ, ಆದರೆ ದೇಹ ಹುಲಿ ಬಂದಂತೆ ವರ್ತಿಸುತ್ತಿದೆ. ಬಳಿಕ ಉಸಿರನ್ನು ನಿಧಾನಗೊಳಿಸುವ, ಸ್ನಾಯುಗಳನ್ನು ಸಡಿಲಿಸುವ ಅಭ್ಯಾಸ ಕಲಿಸುತ್ತಾರೆ. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಭಯವನ್ನು ಎದುರಿಸಬೇಕು. ಮೊದಲ ವಾರ ನಿಂತ ಬಸ್ಸಿನಲ್ಲಿ ಐದು ನಿಮಿಷ ಕೂರುವುದು, ಮುಂದಿನ ವಾರ ಒಂದು ನಿಲ್ದಾಣ, ಬಳಿಕ ತಾಳಗುಪ್ಪದಿಂದ ಸಾಗರ, ಕೊನೆಗೆ ಒಬ್ಬರೇ ಶಿವಮೊಗ್ಗ. ಭಯ ಏರುತ್ತದೆ, ಆದರೆ ಅಲ್ಲೇ ಕುಳಿತಿದ್ದರೆ ತಾನಾಗಿ ಇಳಿಯುತ್ತದೆಂಬುದನ್ನು ದೇಹ ಅನುಭವದಿಂದ ಕಲಿಯುತ್ತದೆ.

ಇನ್ನೊಬ್ಬರು ಅಡಿಕೆ ಬೆಳೆಗಾರರು. ಕೊಳೆರೋಗ ಬಂದು ಫಸಲು ಉದುರಿತು, ಸಾಲ ಉಳಿಯಿತು. "ನಾನು ಯಾವುದಕ್ಕೂ ಬಾರದವನು, ಇನ್ನು ಏನು ಮಾಡಿಯೂ ಫಲವಿಲ್ಲ" ಎಂಬ ಯೋಚನೆ ಬೇರೂರಿ ತೋಟಕ್ಕೆ ಹೋಗುವುದೇ ನಿಂತಿತು. ಅಮೆರಿಕದ ಏರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಅರಿವಿನ ಚಿಕಿತ್ಸೆಯು ಇಂತಹ ಯೋಚನೆಗಳನ್ನು ನ್ಯಾಯಾಲಯದ ಸಾಕ್ಷಿಯಂತೆ ಕೂಲಂಕಷವಾಗಿ ವಿಚಾರಿಸುತ್ತದೆ. ಈ ಮಾತಿಗೆ ಪುರಾವೆಯೇನು? ವಿರುದ್ಧದ ಪುರಾವೆಯೇನು? ಮಳೆ ಹೆಚ್ಚಾದದ್ದು ನಿಮ್ಮ ತಪ್ಪೇ? ನಿಮ್ಮ ನೆರೆಯವನಿಗೆ ಹೀಗಾಗಿದ್ದರೆ ಅವನಿಗೂ ಇದೇ ಮಾತನ್ನು ಹೇಳುತ್ತಿದ್ದಿರಾ? ಇದರೊಡನೆ ದಿನಕ್ಕೆ ಅರ್ಧ ಗಂಟೆ ತೋಟದಲ್ಲಿ ನಡೆದಾಡುವಂತಹ ಚಿಕ್ಕ ಕೆಲಸವನ್ನು ಗೊತ್ತುಮಾಡುತ್ತಾರೆ. ಉತ್ಸಾಹ ಬಂದ ಮೇಲೆ ಕೆಲಸ ಮಾಡುತ್ತೇನೆಂದು ಕಾಯುವವನಿಗೆ, ಕೆಲಸ ಮಾಡುತ್ತಾ ಹೋದರೆ ಉತ್ಸಾಹ ಹಿಂದೆಯೇ ಬರುತ್ತದೆಂಬುದನ್ನು ತೋರಿಸಿಕೊಡುವ ದಾರಿಯಿದು. ಸಾಲ ಇದರಿಂದ ತೀರದು, ನಿಜ. ಆದರೆ ಸಾಲವನ್ನು ಎದುರಿಸಬಲ್ಲ ಮನುಷ್ಯ ಮರಳಿ ಎದ್ದು ನಿಲ್ಲುತ್ತಾನೆ.

ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೊಮ್ಮೆಯಂತೆ ಎಂಟು, ಹತ್ತು, ಹದಿನಾರು ಭೇಟಿಗಳವರೆಗೆ ನಡೆಯುತ್ತದೆ. ಹಳೆಯ ಗಾಯಗಳಿಗೆ ಇನ್ನೂ ಹೆಚ್ಚು ಕಾಲ ಬೇಕಾಗಬಹುದು. ಅಡಿಕೆಗೆ ಬೋರ್ಡೋ ದ್ರಾವಣವನ್ನು ಮಳೆಗೆ ಮುನ್ನ ಒಮ್ಮೆ ಹೊಡೆದು ಸುಮ್ಮನಾದರೆ ಸಾಲದೆಂದು ನಮ್ಮ ಬೆಳೆಗಾರರಿಗೆ ಗೊತ್ತು. ಇಲ್ಲಿಯೂ ಅದೇ ರೀತಿ. ಒಂದು ಭೇಟಿಯಿಂದ ಇನ್ನೊಂದು ಭೇಟಿಯ ನಡುವೆ ಮನೆಯಲ್ಲಿ ಮಾಡಬೇಕಾದ ಅಭ್ಯಾಸವೇ ಚಿಕಿತ್ಸೆಯ ಅರ್ಧ ಭಾಗ.

ಒಂದು ಎಚ್ಚರಿಕೆಯೂ ಅಗತ್ಯ. ಎಲ್ಲ ಕಾಯಿಲೆಗಳೂ ಮಾತಿನಿಂದಲೇ ಗುಣವಾಗುವುದಿಲ್ಲ. ಇಲ್ಲದ ಧ್ವನಿಗಳು ಕೇಳಿಸುವ, ಎಲ್ಲರೂ ತನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆಂದು ನಂಬುವ ಕಾಯಿಲೆಗಳಿಗೂ, ಉನ್ಮಾದ ಮತ್ತು ಖಿನ್ನತೆಗಳು ಸರದಿಯಂತೆ ಬರುವ ಕಾಯಿಲೆಗೂ ಔಷಧಿ ಬೇಕೇ ಬೇಕು. ಅಲ್ಲಿ ಮನಶ್ಶಾಸ್ತ್ರಜ್ಞರು ಮನೋವೈದ್ಯರೊಡನೆ ಸೇರಿ ಕೆಲಸ ಮಾಡುತ್ತಾರೆ. ಹಗುರವೆನಿಸಿತೆಂದು ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಬಾರದು.

ಹೇಳಿದ ಮಾತು ಹೊರಗೆ ಹೋಗುತ್ತದೆಯೇ?

ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ಊರುಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡ ಭಯ. ಮಗಳ ಮದುವೆ ಮುರಿದೀತು, ಮಗನ ಕೆಲಸಕ್ಕೆ ಕುತ್ತು ಬಂದೀತು ಎಂಬ ಚಿಂತೆಯಿಂದ ಎಷ್ಟೋ ಮನೆಗಳು ಬಾಯಿ ಮುಚ್ಚಿಕೊಂಡಿವೆ. ಚಿಕಿತ್ಸೆಯ ಮಾಹಿತಿಯನ್ನು ಗೋಪ್ಯವಾಗಿಡಿಸಿಕೊಳ್ಳುವುದು ರೋಗಿಯ ಹಕ್ಕೆಂದು 2017ರ ಕಾಯ್ದೆಯ 23ನೇ ಕಲಮು ಸ್ಪಷ್ಟಪಡಿಸಿದೆ. ನಿಮ್ಮ ಒಪ್ಪಿಗೆಯಿಲ್ಲದೆ ನೆರೆಯವರಿಗಾಗಲಿ, ಶಾಲೆಗಾಗಲಿ, ಮಾಲೀಕರಿಗಾಗಲಿ, ನಿಮ್ಮ ಧರ್ಮಕೇಂದ್ರದ ಗುರುಗಳಿಗಾಗಲಿ ಅವರು ಏನನ್ನೂ ತಿಳಿಸುವಂತಿಲ್ಲ.

ಇದಕ್ಕೆ ಕೆಲವೇ ಅಪವಾದಗಳಿವೆ. ನಿಮ್ಮ ಪ್ರಾಣಕ್ಕೋ ಇನ್ನೊಬ್ಬರ ಪ್ರಾಣಕ್ಕೋ ಅಪಾಯವಿದೆಯೆಂದು ಕಂಡರೆ ಅದನ್ನು ತಡೆಯಲು ಬೇಕಾದಷ್ಟನ್ನು ಮನೆಯವರಿಗೆ ಹೇಳಬೇಕಾಗುತ್ತದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೋ ಕಾಯ್ದೆಯಂತೆ ಯಾರೇ ಆದರೂ ವರದಿ ಮಾಡಲೇಬೇಕು. ನ್ಯಾಯಾಲಯ ಆದೇಶಿಸಿದರೂ ಮಾಹಿತಿ ಕೊಡಬೇಕಾದೀತು. ಒಳ್ಳೆಯ ಮನಶ್ಶಾಸ್ತ್ರಜ್ಞರು ಈ ಮಿತಿಗಳನ್ನು ಮೊದಲ ದಿನವೇ ತಿಳಿಸುತ್ತಾರೆ. ತಿಳಿಸದಿದ್ದರೆ ಕೇಳುವುದರಲ್ಲಿ ತಪ್ಪಿಲ್ಲ.

ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: "ತಮ್ಮ ಹೆಸರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯಾಗಿದೆಯೇ?" ಎಂದು. 1992ರ ಕಾಯ್ದೆಯಡಿ ಚಿಕಿತ್ಸಾ ಮನಶ್ಶಾಸ್ತ್ರಜ್ಞರ ಹೆಸರುಗಳನ್ನು ಈ ಪರಿಷತ್ತಿನ ದಾಖಲೆಗೆ ಸೇರಿಸಲಾಗುತ್ತದೆ. ಮೂರೇ ದಿನಗಳಲ್ಲಿ ಗುಣಪಡಿಸುತ್ತೇನೆಂದು ಭರವಸೆ ಕೊಡುವವರು, ನಿಮ್ಮನ್ನು ಹೀಯಾಳಿಸುವವರು, ಚಿಕಿತ್ಸೆಯ ನೆಪದಲ್ಲಿ ಅನುಚಿತವಾಗಿ ಮುಟ್ಟುವವರು, ಮನೆಯವರನ್ನೇ ತೊರೆಯಿರೆಂದು ಅಪ್ಪಣೆ ಕೊಡುವವರು ಕಂಡರೆ ಎದ್ದು ಬರುವುದೇ ಲೇಸು. ಯೋಗ್ಯರೇ ಆಗಿದ್ದೂ ನಿಮಗೆ ಹೊಂದಿಕೆಯಾಗದಿದ್ದರೆ ಬೇರೊಬ್ಬರನ್ನು ಕಾಣಲು ಸಂಕೋಚ ಬೇಡ.

ಮನೆಯವರು, ಗುರುಗಳು, ದೇವರು

ಮಲೆನಾಡಿನಲ್ಲಿ ಮನಸ್ಸಿನ ತೊಂದರೆಯಿದ್ದವರು ಆಸ್ಪತ್ರೆಗೆ ಬರುವ ಮುನ್ನ ಹಲವು ಬಾಗಿಲುಗಳನ್ನು ತಟ್ಟಿರುತ್ತಾರೆ. ಕೆಲವರು ನೋಟ ಕೇಳಿಸುತ್ತಾರೆ, ತಾಯಿತ ಕಟ್ಟಿಸುತ್ತಾರೆ. ನಮ್ಮವರು ಧ್ಯಾನಕೂಟಗಳಿಗೆ, ಪುಣ್ಯಕ್ಷೇತ್ರಗಳಿಗೆ ಕರೆದೊಯ್ಯುತ್ತಾರೆ. ಪ್ರಾರ್ಥನೆ ಮನಸ್ಸಿಗೆ ಬಲ ಕೊಡುತ್ತದೆ. ಅದನ್ನು ಬಿಡಿರೆಂದು ಯಾವ ವಿವೇಕಿಯಾದ ಮನಶ್ಶಾಸ್ತ್ರಜ್ಞರೂ ಹೇಳುವುದಿಲ್ಲ. ಆದರೆ ಕಾಲು ಮುರಿದಾಗ ಪ್ರಾರ್ಥಿಸುತ್ತಲೇ ಮೂಳೆ ವೈದ್ಯರ ಬಳಿಗೂ ಹೋಗುತ್ತೇವಲ್ಲವೇ?

ಖಿನ್ನತೆಯು ವಿಶ್ವಾಸದ ಕೊರತೆಯ ಫಲವೆಂದು ರೋಗಿಗೆ ಹೇಳುವುದು ಗಾಯದ ಮೇಲೆ ಬರೆ ಎಳೆದಂತೆ. ಪಾಪನಿವೇದನೆಯಲ್ಲಿ ಮನುಷ್ಯ ತಾನು ಮಾಡಿದ ತಪ್ಪಿಗೆ ಕ್ಷಮೆ ಬೇಡುತ್ತಾನೆ. ಮನಶ್ಶಾಸ್ತ್ರಜ್ಞರ ಮುಂದೆ ತನಗಾಗುತ್ತಿರುವ ನೋವನ್ನು ತೋಡಿಕೊಳ್ಳುತ್ತಾನೆ. ಎರಡೂ ಬೇರೆ ಬೇರೆ; ಒಂದು ಇನ್ನೊಂದರ ಸ್ಥಾನವನ್ನು ತುಂಬಲಾರದು. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು, ತೀವ್ರ ಮಾನಸಿಕ ಕ್ಷೋಭೆ ಅಥವಾ ಯಾತನೆಯು ಆತ್ಮಹತ್ಯೆ ಮಾಡಿಕೊಂಡವರ ಹೊಣೆಯನ್ನು ತಗ್ಗಿಸಬಲ್ಲದೆಂದು ಒಪ್ಪಿಕೊಂಡಿದೆ. ತೀರಿಹೋದವರ ಬಗ್ಗೆ ತೋರುವ ಈ ಕರುಣೆಯನ್ನು ಬದುಕಿರುವಾಗಲೇ ತೋರಿದರೆ ಜೀವಗಳು ಉಳಿದಾವು.

ಮನೆಯವರ ಪಾತ್ರವೂ ದೊಡ್ಡದು. ಜೊತೆಗೆ ಹೋಗಿ, ಕರೆದಾಗ ಒಳಗೆ ಬನ್ನಿ, ಉಳಿದ ಹೊತ್ತು ಹೊರಗೆ ಕುಳಿತಿರಿ. ಹಿಂದಿರುಗುವಾಗ "ಏನು ಕೇಳಿದರು, ನೀನೇನು ಹೇಳಿದೆ?" ಎಂದು ಪೀಡಿಸಬೇಡಿ. ಬಸ್ಸಿನ ಟಿಕೆಟಿನ ಖರ್ಚನ್ನು, ಕಳೆದ ಕೂಲಿಯನ್ನು ಎತ್ತಿ ಆಡಬೇಡಿ.

ಎಲ್ಲಿಗೆ ಹೋಗುವುದು?

ಹೊನ್ನೆಮರಡುವಿನಂತಹ ಊರಿನಿಂದ ಜಿಲ್ಲಾಕೇಂದ್ರ ನೂರು ಕಿಲೋಮೀಟರಿನ ಆಸುಪಾಸಿನಲ್ಲಿದೆ. ಆದ್ದರಿಂದ ಹತ್ತಿರದಿಂದಲೇ ಆರಂಭಿಸಬಹುದು. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗ‌ಳಲ್ಲಿ ಮನೋವೈದ್ಯರು ರೋಗಿಗಳನ್ನು ನೋಡುವ ಏರ್ಪಾಡು ರೂಪಿಸಲಾಗಿದೆ. ಹೊರಡುವ ಮುನ್ನ ಆ ವಾರ ಅವರು ಬರುವರೇ ಎಂದು ಸಾಗರ, ಹೊಸನಗರ ಅಥವಾ ತೀರ್ಥಹಳ್ಳಿಯ ಆಸ್ಪತ್ರೆಯಲ್ಲಿ ವಿಚಾರಿಸಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಚಿಕಿತ್ಸಾ ಮನಶ್ಶಾಸ್ತ್ರಜ್ಞರಿಗೂ ಸ್ಥಾನವಿದೆ. ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಆಗುಂಬೆ ಘಟ್ಟ ಇಳಿದರೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ, ಮಂಗಳೂರಿನಲ್ಲಿ ಯೇಸುಸಭೆಯ ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ನೆಟ್ಟ ಬೀಜದಿಂದ ಬೆಳೆದ ಕಂಕನಾಡಿಯ ಆಸ್ಪತ್ರೆ, ತಾಳಗುಪ್ಪದಲ್ಲಿ ರಾತ್ರಿ ರೈಲು ಹತ್ತಿದರೆ ಬೆಂಗಳೂರಿನ ನಿಮ್ಹಾನ್ಸ್ ಇವೆ. ದೂರದಿಂದ ಬರುವವರೆಂದು ಮೊದಲೇ ತಿಳಿಸಿದರೆ ಭೇಟಿಗಳ ಅಂತರವನ್ನು ಹೆಚ್ಚಿಸಿ, ಮನೆಯ ಅಭ್ಯಾಸಕ್ಕೆ ಒತ್ತು ಕೊಡುವ ಸಾಧ್ಯತೆಯೂ ಇದೆ.

ಯಾವುದೂ ಸಾಧ್ಯವಾಗದ ಹೊತ್ತಿನಲ್ಲಿ, ನಡುರಾತ್ರಿಯಲ್ಲಾದರೂ ಸರಿ, ದೂರವಾಣಿಯಲ್ಲಿ 14416 ಸಂಖ್ಯೆಯನ್ನು ಒತ್ತಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ ಮಾನಸ್' ಎಂಬ ಈ ಸರ್ಕಾರಿ ಸೇವೆ ದಿನದ 24 ಗಂಟೆಯೂ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು.

ಓದುಗರೇ, ನಿಮ್ಮ ಮನೆಯಲ್ಲೋ ನೆರೆಯಲ್ಲೋ ಈ ಬರಹವನ್ನು ಓದಿ ಸುಮ್ಮನೆ ಮಡಚಿಟ್ಟುಕೊಳ್ಳುವ ಒಬ್ಬರಿರಬಹುದು. ಅವರನ್ನು ಗುರುತಿಸಿ, "ಬಾ, ನಾನೂ ಜೊತೆಗೆ ಬರುತ್ತೇನೆ" ಎನ್ನಿ. ಆ ಒಬ್ಬರು ನೀವೇ ಆಗಿದ್ದರೆ, ಹೋಗಲು ಇನ್ನೊಂದು ಮಳೆಗಾಲ ಕಳೆಯಲೆಂದು ಕಾಯಬೇಡಿ. ಒಳಗೆ ಕುಳಿತ ಮೇಲೆ ಮಾತು ತೋಚದಿದ್ದರೆ "ಏನು ಹೇಳಬೇಕೋ ತಿಳಿಯುತ್ತಿಲ್ಲ" ಎಂದೇ ಹೇಳಿ. ಆ ಕೋಣೆಯಲ್ಲಿ ಎಷ್ಟೋ ಮಂದಿಯ ಮಾತು ಶುರುವಾಗಿರುವುದು ಅಲ್ಲಿಂದಲೇ.